ಕೀನನ್ ಕ್ರೀಡಾಂಗಣ ಪಾರಂಪರಿಕ ತಾಣವಾಗಲಿ

ಮಾನ್ಯರೇ,

ಜೆಮ್‌ಶೆಡ್‌ಪುರದಲ್ಲಿ ಟಾಟಾ ಉಕ್ಕಿನ ಕಾರ್ಖಾನೆ 1939ರಲ್ಲಿ ಕಟ್ಟಿಸಿದ ಕೀನನ್ ಕ್ರೀಡಾಂಗಣವನ್ನು ಪಾರಂಪರಿಕ ತಾಣವೆಂದು ಘೋಷಿಸಿ ಕಾಪಾಡಬೇಕೆಂಬುದು ನನ್ನ ಕಳಕಳಿಯ ಮನವಿ. ಉಕ್ಕಿನ ನಗರ ಇನ್ನೂ ಕನಸಾಗಿದ್ದ 1902ರಲ್ಲೇ ಜೆಮ್‌ಶೆಟ್‌ಜಿ ಟಾಟಾ ಅವರು ಮಗ ದೊರಾಬ್‌ಜಿಗೆ ಪತ್ರ ಬರೆದು, ಅಗಲವಾದ ಬೀದಿಗಳು, ನೆರಳಿನ ಮರಗಳು ಮತ್ತು ಉದ್ಯಾನಗಳ ಜೊತೆಗೆ ಫುಟ್‌ಬಾಲ್, ಹಾಕಿ ಆಟಗಳಿಗೆ ವಿಶಾಲವಾದ ಜಾಗವನ್ನು ಮೀಸಲಿಡುವಂತೆ ಸೂಚಿಸಿದ್ದರು. ಕಾರ್ಮಿಕನಿಗೆ ಕೂಲಿಯಷ್ಟೇ ಅಲ್ಲದೆ ಆಟವೂ ಬೇಕು ಎಂಬ ಈ ದೂರದೃಷ್ಟಿಯ ಫಲಗಳಲ್ಲಿ ಒಂದಾದ ಈ ಅಂಗಣಕ್ಕೆ, ಕಂಪನಿಯ ಜನರಲ್ ಮ್ಯಾನೇಜರ್ ಆಗಿದ್ದ ಜಾನ್ ಕೀನನ್ ಅವರ ಹೆಸರಿಡಲಾಯಿತು. (ಅದೇ ಊರಿನ ಜ್ಯುಬಿಲಿ ಪಾರ್ಕ್‌ಗೆ ನಮ್ಮ ಬೃಂದಾವನವೇ ಸ್ಫೂರ್ತಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.)

1983ರ ಡಿಸೆಂಬರ್ 7ರಂದು, ಅದೇ ವರ್ಷ ವಿಶ್ವಕಪ್ ಗೆದ್ದಿದ್ದ ಭಾರತದ ಎದುರು ಇಲ್ಲಿ ವಿವಿಯನ್ ರಿಚರ್ಡ್ಸ್ 149, ಗಾರ್ಡನ್ ಗ್ರೀನಿಜ್ 115 ರನ್ ಹೊಡೆದು, ವೆಸ್ಟ್ ಇಂಡೀಸ್ ಕೇವಲ 45 ಓವರ್‌ಗಳಲ್ಲಿ 333 ರನ್ ಪೇರಿಸಿತ್ತು. 2006ರಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯವೇ ಇಲ್ಲಿ ನಡೆದ ಕೊನೆಯ ಅಂತರರಾಷ್ಟ್ರೀಯ ಏಕದಿನ ಪಂದ್ಯ. ನಂತರ ರಾಂಚಿಯಲ್ಲಿ ಹೊಸ ಕ್ರೀಡಾಂಗಣ ಸಿದ್ಧವಾಗಿ, ದೊಡ್ಡ ಪಂದ್ಯಗಳು ಅಲ್ಲಿಗೆ ಹೋದವು.

ಹೊಸದು ಬಂದಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ದುಡಿಯುವ ಜನರ ಊರಿನಲ್ಲಿ ಬೆಳೆದ ಅಂಗಣವು ಟಿ.ವಿ. ಪ್ರಸಾರದ ಪಂದ್ಯಗಳಿಲ್ಲವೆಂಬ ಕಾರಣಕ್ಕೆ ಮರೆವಿಗೆ ಸಲ್ಲಬಾರದು. ಅದರ ಇತಿಹಾಸವನ್ನು ತಿಳಿಸುವ ಫಲಕಗಳನ್ನೂ ಪುಟ್ಟ ವಸ್ತುಸಂಗ್ರಹಾಲಯವನ್ನೂ ಅಲ್ಲಿ ಸ್ಥಾಪಿಸಿ, ವರ್ಷಕ್ಕೆ ಕೆಲವು ರಣಜಿ ಪಂದ್ಯಗಳನ್ನಾದರೂ ತಪ್ಪದೆ ಆಡಿಸಲಿ.

– ಒಬ್ಬ ಕ್ರೀಡಾಭಿಮಾನಿ