ಲೆಕ್ಕ ಕೇಳಿದವರಿಗೆ ಮೊದಲ ನಮಸ್ಕಾರ

ಕಷ್ಟದ ವರ್ಷವೊಂದು ಕಳೆಯಿತು, ಸಂಸ್ಥೆ ಉಳಿಯಿತು. ಕೈಹಿಡಿದ ಎಲ್ಲರಿಗೂ ಕೃತಜ್ಞತೆಗಳು. ಅದರಲ್ಲೂ "ನಾನು ಕೊಟ್ಟ ಹಣ ಏನಾಯಿತು?" ಎಂದು ನೇರವಾಗಿ ಕೇಳಿದವರಿಗೆ ಮೊದಲ ನಮಸ್ಕಾರ. ಬೇಸರಗೊಂಡ ದಾನಿಗಳು ಸಾಮಾನ್ಯವಾಗಿ ಸದ್ದಿಲ್ಲದೆ ದೂರ ಸರಿಯುತ್ತಾರೆ. ನೀವು ಬಾಯಿಬಿಟ್ಟು ಕೇಳಿದ್ದರಿಂದಲೇ ತಪ್ಪು ಎಲ್ಲೆಲ್ಲಿದೆ ಎಂಬುದು ಕಾಣಿಸಿತು.

ಕಂಪ್ಯೂಟರ್ ತಾನೇ ಕಳಿಸುವ ರಸೀದಿಯನ್ನೇ ಧನ್ಯವಾದ ಎಂದುಕೊಂಡಿದ್ದು ಒಂದು ತಪ್ಪು. ರಸೀದಿ ಇರುವುದು ಲೆಕ್ಕಕ್ಕೆ. ಈಗ ದೇಣಿಗೆ ಬಂದ 48 ಗಂಟೆಯೊಳಗೆ ನಮ್ಮಲ್ಲೊಬ್ಬರು ಹೆಸರು ಹಿಡಿದು ಪತ್ರ ಬರೆಯುತ್ತಾರೆ, ಮೊದಲ ಸಲ ಕೊಟ್ಟವರಿಗೆ ಫೋನ್ ಮಾಡುತ್ತಾರೆ. ಆ ಪತ್ರದಲ್ಲಿ ಮತ್ತೆ ಹಣ ಕೇಳುವಂತಿಲ್ಲ. ಒಂದೇ ಮನವಿ ಎರಡೆರಡು ಸಲ ತಲುಪಿತೆಂದು ತಿಳಿಸಿದವರಿಗೂ ಋಣಿಗಳು. ಹೆಸರು, ಫೋನ್, ಇಮೇಲ್ ಹೀಗೆ ಮೂರು ಬಗೆಯಲ್ಲಿ ದಾನಿಗಳ ಪಟ್ಟಿಯನ್ನು ವಿಂಗಡಿಸಿ ನೋಡಿದರೆ ಎರಡು ಸಲ ಸೇರಿಕೊಂಡ ಹೆಸರುಗಳು ಸಿಕ್ಕಿಬೀಳುತ್ತವೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಲೆಕ್ಕದ ಪುಸ್ತಕದಲ್ಲಿತ್ತು. ಇಂಥದೇ ಕೆಲಸಕ್ಕೆಂದು ಕೊಟ್ಟ ಹಣವೂ ಸಾಮಾನ್ಯ ದೇಣಿಗೆಯೂ ಒಂದೇ ಪುಟದಲ್ಲಿ ಕೂಡಿಕೊಂಡರೆ ಬ್ಯಾಂಕಿನಲ್ಲಿ ಬೇಕಾದಷ್ಟಿದೆ ಎನಿಸುತ್ತದೆ. ಸಂಬಳದ ದಿನ ನೋಡಿದರೆ ಮುಟ್ಟಬಹುದಾದ ಹಣ ಏನೂ ಇರುವುದಿಲ್ಲ. ಆಗ "ಸದ್ಯಕ್ಕೆ ಅದರಿಂದ ತೆಗೆದುಕೊಳ್ಳೋಣ" ಎಂಬ ಮಾತು ಹುಟ್ಟುತ್ತದೆ. ನಂಬಿಕೆ ಮುರಿಯುವುದು ಅಲ್ಲಿಂದಲೇ. ಈಗ ಪ್ರತಿ ಉದ್ದೇಶಕ್ಕೂ ಬೇರೆ ಪುಟವಿದೆ, ತಿಂಗಳಿಗೊಮ್ಮೆ ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡಲಾಗುತ್ತದೆ. ಉದ್ದೇಶ ಬದಲಾಯಿಸಲೇಬೇಕಾದರೆ ಕೊಟ್ಟವರ ಒಪ್ಪಿಗೆ ಮೊದಲೇ ಬರಹದಲ್ಲಿ ಬರಬೇಕು. ವರ್ಷದ ಖರ್ಚನ್ನು 12ರಿಂದ ಭಾಗಿಸಿ 3ರಿಂದ ಗುಣಿಸಿದಷ್ಟು, ಅಂದರೆ ಮೂರು ತಿಂಗಳ ಖರ್ಚಿನಷ್ಟು, ಮೀಸಲು ನಿಧಿ ಕೂಡಿಸುವ ಕೆಲಸವೂ ಶುರುವಾಗಿದೆ.

ತಿಂಗಳು ತಿಂಗಳೂ ಸಣ್ಣ ಮೊತ್ತ ಕಳಿಸಿದವರೇ, ಮುಂದಿನ ತಿಂಗಳ ಯೋಜನೆ ಹಾಕಲು ಧೈರ್ಯ ಬಂದದ್ದು ನಿಮ್ಮಿಂದ. ನಿಮ್ಮಲ್ಲಿ ಕೆಲವರ ದೇಣಿಗೆ ನಿಂತದ್ದು ಮನಸ್ಸು ಬದಲಾಗಿ ಅಲ್ಲ, ಕಾರ್ಡಿನ ಅವಧಿ ಮುಗಿದು. ಒಂದು ತಿಂಗಳು ಮೊದಲೇ ನೆನಪಿಸಿದ್ದರೆ ಸಾಕಿತ್ತು, ಇನ್ನು ಮುಂದೆ ನೆನಪಿಸುತ್ತೇವೆ. ಸ್ವಯಂಸೇವಕರಿಗೂ ವಂದನೆಗಳು. ಯಾವ ಕೆಲಸ, ಎಷ್ಟು ಗಂಟೆ, ಸಂದೇಹ ಬಂದರೆ ಯಾರನ್ನು ಕೇಳಬೇಕು ಎಂಬುದು ಇನ್ನು ಮುಂದೆ ಮೊದಲ ದಿನವೇ ಬರಹದಲ್ಲಿ ನಿಮ್ಮ ಕೈಸೇರುತ್ತದೆ.

ಕೆನಡಾದ ಇಂಜಿನಿಯರ್ಸ್ ವಿದೌಟ್ ಬಾರ್ಡರ್ಸ್ ಎಂಬ ಸೇವಾ ಸಂಸ್ಥೆ 2008ರಲ್ಲೇ ತನ್ನ ಸೋಲುಗಳ ವರದಿಯನ್ನು ಎಲ್ಲರ ಮುಂದಿಟ್ಟಿತು. ಆ ಧೈರ್ಯ ನಮಗೂ ಬೇಕು. ನಮ್ಮ ವರದಿಯಲ್ಲಿ ನಾಲ್ಕು ಪ್ರಶ್ನೆಗಳಿವೆ: ಏನು ಮಾಡಹೊರಟೆವು, ಏನಾಯಿತು, ಯಾಕೆ ಹಾಗಾಯಿತು, ಯಾರು ಎಂದಿನೊಳಗೆ ಸರಿಪಡಿಸುತ್ತಾರೆ. "ಯಾರ ತಪ್ಪು" ಎಂಬ ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದೇವೆ. ಅದನ್ನು ಕೇಳಿದ ಕೂಡಲೇ ಜನ ವಿಷಯ ಮುಚ್ಚಿಡತೊಡಗುತ್ತಾರೆ.

ಪ್ರಶ್ನೆ ಕೇಳಿದ ಒಬ್ಬೊಬ್ಬರಿಗೂ, ನಿಮ್ಮ ಮಾತಿನಿಂದ ಏನು ಬದಲಾಯಿತೆಂದು ತಿಳಿಸುವ ಪತ್ರ ಈ ವಾರ ಹೊರಡುತ್ತದೆ. ಬದಲಾಗದಿದ್ದರೆ ಯಾಕೆ ಆಗಲಿಲ್ಲ ಎಂಬುದೂ ಅದರಲ್ಲಿರುತ್ತದೆ.