ತೋಳಿನ ಗಂಟಿಗೆ ಕತ್ತರಿ ಹಾಕುವ ಮೊದಲು ಡಾಪ್ಲರ್ ಮಾಡಿಸಿ

ಮಾನ್ಯ ಸಂಪಾದಕರೇ,

ತೋಳಿನಲ್ಲಿ ಮೆತ್ತಗಿನ ಗಂಟು ಕಂಡರೆ ‘ಕೊಬ್ಬಿನ ಗಡ್ಡೆ, ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆದರಾಯ್ತು’ ಎನ್ನುವುದು ನಮ್ಮ ಕಡೆ ಮಾಮೂಲು. ಹೆಚ್ಚಿನ ಸಲ ಅದು ಸರಿಯೇ. ಆದರೆ ಅಪರೂಪಕ್ಕೊಮ್ಮೆ, ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ನಾಳವೇ ಅಲ್ಲಿ ಉಬ್ಬಿಕೊಂಡಿರುತ್ತದೆ. ವೈದ್ಯರು ಇದಕ್ಕೆ ವೇನಸ್ ಅನ್ಯೂರಿಸಂ ಎನ್ನುತ್ತಾರೆ.

ಶಿರಸಿಯ ನಮ್ಮ ಭಾವನಿಗೆ ಆದದ್ದು ಇದೇ. ಮೊಣಕೈ ಒಳಭಾಗದಲ್ಲಿ ನೆಲ್ಲಿಕಾಯಿಯಷ್ಟು ಗಂಟು, ನೋವಿಲ್ಲ. ಅಡಿಕೆ ಮೂಟೆ ಎತ್ತಲು ದಮ್ಮು ಕಟ್ಟಿದರೆ ಉಬ್ಬುತ್ತಿತ್ತು, ಒತ್ತಿದರೆ ತಗ್ಗುತ್ತಿತ್ತು, ಕೈಯನ್ನು ತಲೆಯ ಮೇಲೆ ಎತ್ತಿ ಹಿಡಿದರೆ ಗಂಟೇ ಮಾಯ. ಒಬ್ಬರು ಕೊಯ್ಯಲು ದಿನವನ್ನೂ ಕೊಟ್ಟಾಗಿತ್ತು. ಇನ್ನೊಬ್ಬ ಡಾಕ್ಟರು ಕೈ ಎತ್ತಿಸಿ, ಇಳಿಸಿ, ಗಂಟು ಮಿಡಿಯುತ್ತಿಲ್ಲ ಎಂದು ಬೆರಳಿಟ್ಟು ನೋಡಿ (ಮಿಡಿದರೆ ಅನುಮಾನ ಹೃದಯದಿಂದ ರಕ್ತ ತರುವ ಅಪಧಮನಿಯ ಕಡೆ ಹೋಗುತ್ತದೆ), ಕತ್ತರಿ ಸೂಜಿ ಎರಡೂ ಬೇಡ, ಮೊದಲು ಕಲರ್ ಡಾಪ್ಲರ್ (ನಾಳದೊಳಗೆ ರಕ್ತ ಹರಿಯುವುದನ್ನು ತೋರಿಸುವ ಸ್ಕ್ಯಾನ್) ಆಗಲಿ ಅಂದರು. ಗಂಟಿನೊಳಗೆ ರಕ್ತ ನಿಧಾನ ಸುತ್ತುತ್ತಿರುವುದು, ಒಳಗೆ ಹೆಪ್ಪುಗಟ್ಟಿಲ್ಲ ಎನ್ನುವುದು ಎಲ್ಲ ಅದರಲ್ಲೇ ಕಂಡಿತು.

ಆಪರೇಷನ್ ಮಣಿಪಾಲದಲ್ಲಿ ಆಯಿತು. ಚರ್ಮದ ಕೆಳಗಿನ ನಾಳವಾದ್ದರಿಂದ ಎರಡೂ ಕಡೆ ದಾರ ಕಟ್ಟಿ ಉಬ್ಬಿದ ತುಂಡನ್ನು ತೆಗೆದರು. ನಾಳ ಕಟ್ಟಿದರೆ ಕೈ ಬಾತುಕೊಳ್ಳಲ್ವಾ ಅಂತ ಅಕ್ಕನಿಗೆ ಹೆದರಿಕೆ. ರಕ್ತ ವಾಪಸ್ ಹೋಗಲು ತೋಳಿನಲ್ಲಿ ಬೇರೆ ದಾರಿಗಳೂ ಇವೆ. ಆಳದ ನಾಳವಾದರೆ ಮಾತ್ರ ಸುಮ್ನೆ ಕಟ್ಟಿಬಿಡುವಂತಿಲ್ಲ. ಉಬ್ಬಿದ ಬದಿಯನ್ನಷ್ಟೇ ಕತ್ತರಿಸಿ ಹೊಲಿಯುತ್ತಾರೆ, ಇಲ್ಲವೇ ಕಾಲಿನಿಂದ ನಾಳದ ತುಂಡು ತೆಗೆದು ಜೋಡಿಸುತ್ತಾರೆ.

ಹಾಗಂತ ಗಾಬರಿ ಬೇಡ. ಮೊಣಕಾಲಿನ ಹಿಂದೆ ಇಂಥದ್ದಾದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗುವ ಭಯ ಜಾಸ್ತಿ, ತೋಳಿನಲ್ಲಿ ಅದು ಕಡಿಮೆ. ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ಸ್ಕ್ಯಾನ್ ಮಾಡಿಸುತ್ತಾ ಕಾಯುವುದೂ ಉಂಟು. ಗೊತ್ತಿಲ್ಲದೆ ಕೊಯ್ದರೆ ರಕ್ತ ಹರಿದು ಫಜೀತಿ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂದು 2019ರಲ್ಲಿ ಸೋಷಿಯಲ್ ಮೀಡಿಯಾದಲ್ಲಿ ಅಭಿಯಾನವೇ ನಡೆಯಿತು. ಅದು ಬರುವಾಗ ಬರಲಿ. ಈಗಿನ ಹೆಚ್ಚಿನ ಸ್ಕ್ಯಾನಿಂಗ್ ಯಂತ್ರಗಳಲ್ಲಿ ಡಾಪ್ಲರ್ ಇದ್ದೇ ಇರುತ್ತದೆ, ಅದನ್ನು ನೋಡಿ ಹೇಳುವ ರೇಡಿಯಾಲಜಿಸ್ಟ್ ಬೇಕು ಅಷ್ಟೇ. ಇಂಥವರು ಇಲ್ಲದ ತಾಲ್ಲೂಕು ಆಸ್ಪತ್ರೆಗೆ ಕಾರವಾರದಿಂದ ವಾರಕ್ಕೊಂದು ದಿನವಾದರೂ ಒಬ್ಬರನ್ನು ಕಳಿಸಿದರೆ, ಬರೀ ಸ್ಕ್ಯಾನಿಗಾಗಿ ಘಟ್ಟ ಹತ್ತಿ ಇಳಿಯುವುದು ತಪ್ಪುತ್ತದೆ. ಆರೋಗ್ಯ ಇಲಾಖೆಯವರು ಇಷ್ಟಾದರೂ ಮಾಡಬಹುದಲ್ವಾ?

– ಓದುಗ, ಕುಮಟಾ