ಸಹಿ ಹಾಕುವ ಮುನ್ನ

ತೀರ್ಥಹಳ್ಳಿ

ಚಿ. ಅನಘಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ವಿಶ್ವವಿದ್ಯಾಲಯದ ಕಟ್ಟಡದಿಂದ ಜನಾಂಗದ್ವೇಷಿ ರಾಜಕಾರಣಿಯೊಬ್ಬನ ಹೆಸರನ್ನು ತೆಗೆಯಬೇಕೆಂಬ ಅರ್ಜಿಗೆ ಸಹಿ ಹಾಕಲೇ ಎಂದು ಮೊನ್ನೆ ಫೋನಿನಲ್ಲಿ ನೀನು ಕೇಳಿದೆ. "ಓದಲು ಹೋದವಳು ಓದಿಕೊಂಡು ಬಾ, ಆ ಕಾಲವೇ ಹಾಗಿತ್ತು" ಎಂದು ನಾನು ಹೇಳಿಬಿಟ್ಟೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು ಆಡುವ ಮಾತಲ್ಲ ಅದು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೆಂದೇ ಈ ಕಾಗದ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದದ್ದನ್ನು ನೋಡು. ಅಮೆರಿಕದ ಉಪಾಧ್ಯಕ್ಷನಾಗಿದ್ದ ಜಾನ್ ಕ್ಯಾಲ್‌ಹೂನ್ ಅಲ್ಲಿಯ ಹಳೆಯ ವಿದ್ಯಾರ್ಥಿ. ಗುಲಾಮಗಿರಿ ಅನಿಷ್ಟವಲ್ಲ, ಒಳ್ಳೆಯದೇ ಎಂದು 1837ರಲ್ಲಿ ಸೆನೆಟ್‌ನಲ್ಲಿ ವಾದಿಸಿದವನು. 1850ರಲ್ಲಿ ಅವನು ತೀರಿಕೊಂಡಾಗ ಅದೇ ಯೇಲ್‌ನ ಪ್ರಾಧ್ಯಾಪಕ ಬೆಂಜಮಿನ್ ಸಿಲ್ಲಿಮನ್, ಅವನ ಈ ನಿಲುವನ್ನು ಖಂಡಿಸಿ ಬರೆದಿಟ್ಟ. ಆ ಕಾಲದಲ್ಲೂ ಬೇಡವೆಂದವರು ಇದ್ದರು, ನಾವು ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಷ್ಟೆ. ವಿದ್ಯಾರ್ಥಿಗಳು ಉಳಿದುಕೊಳ್ಳುವ ಅಲ್ಲಿಯ ಒಂದು ವಸತಿ ಕಾಲೇಜಿಗೆ ಅವನ ಹೆಸರು ಬಂದದ್ದಾದರೂ ಯಾವಾಗ? ಅವನು ಸತ್ತು ಎಂಬತ್ತು ವರ್ಷ ಕಳೆದ ಮೇಲೆ, 1930ರ ದಶಕದಲ್ಲಿ. ಹಾಗಾಗಿ ಆ ಹೆಸರು ಅವನಿಗಿಂತ ಹೆಚ್ಚಾಗಿ, ಅದನ್ನು ಕೆತ್ತಿಸಿದವರ ಕಥೆಯನ್ನೇ ಹೇಳುತ್ತದೆ.

ಆ ಕಾಲೇಜಿನ ಊಟದ ಮನೆಯಲ್ಲಿ ಬಣ್ಣದ ಗಾಜಿನ ಕಿಟಕಿಯೊಂದಿತ್ತು. ಅದರಲ್ಲಿ ಹತ್ತಿ ಹೊತ್ತ ಗುಲಾಮರ ಚಿತ್ರ. ಅಲ್ಲಿ ಕೆಲಸಕ್ಕಿದ್ದ ಕಪ್ಪು ಜನಾಂಗದವನೊಬ್ಬ 2016ರ ಜೂನ್‌ನಲ್ಲಿ ಪೊರಕೆಯ ಕೋಲು ಹಿಡಿದು ಮೇಲೆ ಹತ್ತಿ ಆ ಗಾಜನ್ನು ಒಡೆದ. ಅವನನ್ನು ಬಂಧಿಸಿದರು, ಕೆಲಸವೂ ಹೋಯಿತು. ಆಮೇಲೆ ಮೊಕದ್ದಮೆ ಬಿಟ್ಟು ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಅವನು ಗಾಜು ಒಡೆಯುವ ಹೊತ್ತಿಗೆ, ಇತಿಹಾಸ ಅಳಿಸಬಾರದೆಂದು ಕಾಲೇಜಿನ ಹೆಸರನ್ನು ಉಳಿಸಿಕೊಳ್ಳುವ ತೀರ್ಮಾನ ಆಗಿ ಎರಡು ತಿಂಗಳಾಗಿತ್ತಷ್ಟೆ. ಆ ತೀರ್ಮಾನ ಮಾಡಿದವರು ಯಾರೂ ಆ ಕಿಟಕಿಯ ಕೆಳಗೆ ಎಂಜಲು ತಟ್ಟೆ ಎತ್ತುತ್ತಿದ್ದವರಲ್ಲ. 2017ರಲ್ಲಿ ಆ ತೀರ್ಮಾನ ಬದಲಿಸಿ ಕಾಲೇಜಿಗೆ ಗ್ರೇಸ್ ಹಾಪರ್ ಹೆಸರಿಟ್ಟರು. ಯೇಲ್‌ನಲ್ಲೇ ಗಣಿತದಲ್ಲಿ ಡಾಕ್ಟರೇಟ್ ಪಡೆದು ಕಂಪ್ಯೂಟರ್‌ಗೆ ಬುನಾದಿ ಹಾಕಿದವರಲ್ಲಿ ಒಬ್ಬಳು. ಕ್ಯಾಲ್‌ಹೂನನ ವಿಗ್ರಹ ಮಾತ್ರ ವಿಶ್ವವಿದ್ಯಾಲಯದ ಗೋಪುರವೊಂದರ ಮೇಲೆ ಹಾಗೆಯೇ ಉಳಿಯಿತು. ಇತಿಹಾಸವೇನೂ ಅಳಿಸಿಹೋಗಲಿಲ್ಲ.

ಇಷ್ಟು ಸಲೀಸಾಗಿ ಬರೆಯುತ್ತಿರುವ ನಿನ್ನ ದೊಡ್ಡಪ್ಪನಿಗೂ ಒಮ್ಮೆ ಉರಿದಿತ್ತು. ಘಾನಾ ವಿಶ್ವವಿದ್ಯಾಲಯದ ಆವರಣದಲ್ಲಿ 2016ರಲ್ಲಿ ನಮ್ಮ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅನಾವರಣ ಮಾಡಿದ್ದ ಗಾಂಧೀಜಿಯ ಪ್ರತಿಮೆಯನ್ನು 2018ರಲ್ಲಿ ತೆಗೆದುಹಾಕಿದರು. ಎಂಥ ಕೃತಘ್ನರು ಎಂದು ಪತ್ರಿಕೆ ಬಿಸುಟೆ. ಆಮೇಲೆ, ದಕ್ಷಿಣ ಆಫ್ರಿಕಾದ ಮೊದಲ ವರ್ಷಗಳಲ್ಲಿ ಆಫ್ರಿಕನ್ನರನ್ನು ಕುರಿತು ಗಾಂಧೀಜಿ ಕೀಳಾಗಿ ಬರೆದದ್ದನ್ನು ಹುಡುಕಿ ಓದಿದೆ. ಓದಲು ಕಷ್ಟವಾಯಿತು. ಗಾಂಧಿ ಮುಂದೆ ಬದಲಾದರು, ಕ್ಯಾಲ್‌ಹೂನ್ ಬದಲಾಗಲಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಆದರೂ ಘಾನಾದ ರಾಜಧಾನಿ ಅಕ್ರಾದ ಹುಡುಗನೊಬ್ಬ ಆ ಪ್ರತಿಮೆಯ ಮುಂದೆ ಹಾದುಹೋಗುವಾಗ ಏನನ್ನು ನೆನೆದಾನು ಎಂಬುದನ್ನು ಇಲ್ಲಿ ಕುಳಿತ ನಾನು ನಿರ್ಧರಿಸುವುದು ಸರಿಯಲ್ಲ.

ಹಾಗೆಂದು ಗೆಳತಿಯರ ಮುಖ ನೋಡಿ ಸಹಿ ಹಾಕಬೇಡ. ನಿಮ್ಮ ಗ್ರಂಥಾಲಯದಲ್ಲಿ ಹಳೆಯ ಸಭೆಗಳ ನಡಾವಳಿ ಇದ್ದೇ ಇರುತ್ತದೆ. ಆ ಹೆಸರನ್ನು ಯಾವ ವರ್ಷ ಇಟ್ಟರು, ಯಾರು ಸೂಚಿಸಿದರು, ಏನು ಕಾರಣ ಕೊಟ್ಟರು, ಯಾರಾದರೂ ತಕರಾರು ತೆಗೆದರೇ ನೋಡು. ಬೆಳಿಗ್ಗೆ ಆ ಕಟ್ಟಡದ ಕಸ ಗುಡಿಸುವವರ ಹತ್ತಿರ ಎರಡು ಮಾತಾಡು. ಅವರು ನಿನಗಿಂತ ಮೊದಲು ಆ ಫಲಕವನ್ನು ನೋಡುತ್ತಾರೆ. ಆಮೇಲೆ ನಿನಗೆ ತೋಚಿದಂತೆ ಮಾಡು, ನಿನ್ನ ಅಪ್ಪನಿಗೆ ನಾನು ಹೇಳಿಕೊಳ್ಳುತ್ತೇನೆ.

ನಡಾವಳಿಯಲ್ಲಿ ಏನು ಸಿಕ್ಕಿತೆಂದು ನನಗೂ ಬರೆ. ಅಕ್ಷರ ದೊಡ್ಡದಾಗಿರಲಿ, ಕನ್ನಡಕ ಬದಲಿಸಿದ ಮೇಲೂ ಸಣ್ಣದು ಕಾಣುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ